ವಿಳಂಬದ ಹದಿನೇಳು ದಿನ

“ಇಪ್ಪತ್ತೊಂಬತ್ತನೇ ತಾರೀಖು?”

ಗುರುಸಂಗಪ್ಪ ಯೋಚಿಸಿದ. ಇಪ್ಪತ್ತೇಳಕ್ಕೂ ಇಪ್ಪತ್ತೆಂಟಕ್ಕೂ ಹೀಗೇ ಯೋಚಿಸಿದ್ದ, ಏನೂ ಸಿಕ್ಕಿರಲಿಲ್ಲ.

“ಅವತ್ತು ಶುಕ್ರವಾರ,” ಎಂದ.

“ವಾರ ನನಗೂ ಗೊತ್ತೈತ್ರಿ. ಕ್ಯಾಲೆಂಡರು ನನ್ನ ಎದುರಿಗೇ ತೂಗಾಕ ಹತ್ತೈತಿ. ಅವತ್ತು ನೀವು ಏನ್ ಮಾಡಿದ್ರಿ?”

“ಕಾಲೇಜಿಗೆ ಹೋಗಿದ್ದೆ.”

“ಕಾಲೇಜು ಬಿಟ್ಟ ಮ್ಯಾಲ?”

“ಮನಿಗೆ ಬಂದೆ.”

“ಬಂದು?”

“ಚಾ ಕುಡದೆ.”

“ಕುಡದು?”

ಚಹಾದ ಆಚೆಗೆ ಗುರುಸಂಗಪ್ಪನಿಗೆ ದಾರಿ ಕಾಣಲಿಲ್ಲ. ಲೋಟ ಕೆಳಗಿಟ್ಟದ್ದು ನೆನಪಿತ್ತು. ಆಮೇಲೆ ಕತ್ತಲಾಗಿರಬೇಕು. ಎಲ್ಲ ದಿನವೂ ಆಗುತ್ತದೆ.

ವಕೀಲ ಶಿವಯೋಗಪ್ಪನವರು ಪೆನ್ನಿನ ಹಿಂಬದಿಯಿಂದ ಕಿವಿ ಕೆರೆದುಕೊಂಡು, ತಾರೀಖಿನ ಮುಂದೆ ಒಂದು ಅಡ್ಡಗೆರೆ ಎಳೆದರು. ಅವರ ಮುಂದಿದ್ದ ಹಾಳೆಯಲ್ಲಿ ಅಂಥ ಗೆರೆ ಆಗಲೇ ಎರಡು ಇದ್ದವು. “ನಾಲ್ಕು ವರ್ಷಕ್ಕ ಒಂದ ಸಲ ಬರೋ ತಾರೀಖು, ಮೇಷ್ಟ್ರೇ. ಅದನ್ನೂ ಚಾ ಕುಡದು ಕಳದುಬಿಟ್ರಿ.”

ಕೂಡ್ಲಿಗಿಯ ಮುನಸೀಫ್ ಕೋರ್ಟು ಗುರುಸಂಗಪ್ಪನ ದಾವೆಯನ್ನು ವಜಾ ಮಾಡಿದ್ದು ಜನವರಿ ಇಪ್ಪತ್ತೊಂದಕ್ಕೆ. ಹೊಸಪೇಟೆಯ ಮೇಲಿನ ಕೋರ್ಟಿಗೆ ಅಪೀಲು ಹೋಗಲು ಮೂವತ್ತು ದಿನ. ತೀರ್ಪಿನ ನಕಲು ಕೈಗೆ ಬರಲು ಹಿಡಿದ ಆರು ದಿನಗಳನ್ನು ಕಾನೂನು ಬಿಟ್ಟುಕೊಡುತ್ತದೆ. ಆ ಉದಾರತೆಯೂ ಸೇರಿ, ಫೆಬ್ರವರಿ ಇಪ್ಪತ್ತಾರರ ಸಂಜೆ ಅವನ ಹಕ್ಕು ಮುಗಿದಿತ್ತು. ಇವತ್ತು ಮಾರ್ಚ್ ಹದಿನಾಲ್ಕು. ನಡುವೆ ಹದಿನೇಳು ದಿನ ವಾರಸುದಾರರಿಲ್ಲದೆ ಬಿದ್ದಿದ್ದವು.

“ತಡಾ ಆದ್ರ ಬಾಗಲಾ ಪೂರ್ತಿ ಮುಚ್ಚಂಗಿಲ್ಲ,” ಎಂದರು ಶಿವಯೋಗಪ್ಪ. ಮೂವತ್ತು ವರ್ಷಗಳಿಂದ ಮಂದಿಯ ತಡಗಳಿಗೆ ಕಾರಣ ಒದಗಿಸುತ್ತ ಬಂದವರು; ಈ ಮಾತು ಹೇಳುವಾಗ ಅವರ ಮುಖಕ್ಕೆ ಒಂದು ಕಳೆ ಬರುತ್ತಿತ್ತು. “ತಕ್ಕ ಕಾರಣ ತೋರಿಸಿ ಪ್ರಮಾಣಪತ್ರ ಹಾಕಿದ್ರ ಕೋರ್ಟು ಮನ್ನಾ ಮಾಡ್ತೈತಿ. ಆದ್ರ ಒಟ್ಟಾರೆ ಹೇಳಿದ್ರ ನಡಿಯಂಗಿಲ್ಲ. ದಿನಾ ದಿನಾದ್ದು ಹೇಳಬೇಕು. ಹದಿನೇಳು ದಿನಕ್ಕ ಹದಿನೇಳು ಕಾರಣ. ಇಲ್ಲಾ, ಹದಿನೇಳನ್ನೂ ಮುಚ್ಚೋ ಅಂಥಾ ಒಂದು ದೊಡ್ಡ ಕಾರಣ.”

“ಏನೂ ಮಾಡಲಿಲ್ಲ ಅಂತ ಬರದ್ರ?”

“ಏನೂ ಅನ್ನೋದು ಕಾರಣ ಅಲ್ರಿ.”

ಗುರುಸಂಗಪ್ಪ ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳುವವನು. ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಕರಿಹಲಗೆಯ ಮೇಲೆ ಇಪ್ಪತ್ತಾರು ವರ್ಷ ಬರೆದಿದ್ದ. ಕಾರ್ಯವೇ ಇಲ್ಲದಿದ್ದರೆ ಅದಕ್ಕೆ ಕಾರಣ ಎಲ್ಲಿಂದ ತರಬೇಕೆಂದು ಒಬ್ಬ ವಿದ್ಯಾರ್ಥಿಯೂ ಎದ್ದು ಕೇಳಿರಲಿಲ್ಲ.

“ಗ್ರಹಣ?” ಎಂದ, ಏನೋ ಹೊಳೆದವನಂತೆ. ಆ ತಿಂಗಳು ಹಾಡಹಗಲೇ ಸೂರ್ಯ ಮುಚ್ಚಿಹೋಗಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿತ್ತು.

“ಅದು ಹದಿನಾರಕ್ಕ ಹಿಡದು ಬಿಡ್ತು. ಅವಧಿ ಒಳಗ ಬಂತು. ಹನ್ನೊಂದು ದಿನ ತಡಾ ಮಾಡಿ ಹಿಡದಿದ್ರ ನಮ್ಮ ಕೆಲಸಕ್ಕ ಬರ್ತಿತ್ತು.”

ದಾವೆ ಜಮೀನಿನದಲ್ಲ, ಮನೆಯದಲ್ಲ, ಅವನು ಹುಟ್ಟಿದ ತಾರೀಖಿನದು. ಪ್ರತಿವಾದಿ ಸರ್ಕಾರ. ಹೊಸಹಳ್ಳಿಯಲ್ಲಿ ಅವನ ತಾಯಿಗೆ ಮೊದಲು ಹುಟ್ಟಿದ ಮಗ ೧೯೨೫ರ ಜೂನಿನವನು. ಅಜ್ಜನ ಹೆಸರು ಅವನಿಗೆ ಇಟ್ಟರು. ಒಂದೂವರೆ ವರ್ಷಕ್ಕೆ ಆ ಕೂಸು ಹೋಯಿತು. ೧೯೨೭ರ ಅಕ್ಟೋಬರಿನಲ್ಲಿ ಎರಡನೆಯದು ಹುಟ್ಟಿದಾಗ ಅಜ್ಜನ ಹೆಸರು ಖಾಲಿ ಇತ್ತು. ಇವನಿಗೂ ಅದನ್ನೇ ಇಟ್ಟರು. ಸಾಲೆಗೆ ಸೇರಿಸುವಾಗ ಅಪ್ಪ ಹಳೆಯ ಪಂಚಾಂಗದ ಅಂಚಿನಲ್ಲಿ ಗುರುಸಂಗಪ್ಪ ಎಂಬ ಹೆಸರಿನ ಮುಂದೆ ಬರೆದಿದ್ದ ತಾರೀಖನ್ನು ಮಾಸ್ತರರಿಗೆ ಓದಿ ಹೇಳಿದ. ಅಂದಿನಿಂದ ಅವನು ಎರಡು ವರ್ಷ ನಾಲ್ಕು ತಿಂಗಳು ಮುಂದಾಗಿಯೇ ಬದುಕುತ್ತ ಬಂದ. ಸತ್ತ ಅಣ್ಣನ ವಯಸ್ಸಿಗೆ ನೌಕರಿ ಸೇರಿದ, ಅದೇ ವಯಸ್ಸಿಗೆ ಮದುವೆಯಾದ. ಬರುವ ಜೂನ್ ಮೂವತ್ತಕ್ಕೆ ಆ ಅಣ್ಣ ನಿವೃತ್ತನಾಗಬೇಕಿತ್ತು. ಆ ದಿನ ಹತ್ತಿರ ಬಂದಾಗ ಗುರುಸಂಗಪ್ಪನಿಗೆ ಎಚ್ಚರವಾಯಿತು.

ಸಾಕ್ಷಿ ಎಂದರೆ ಒಬ್ಬಳೇ, ಸೂಲಗಿತ್ತಿ ಎರ್ರೆಮ್ಮ. ಎಂಬತ್ತು ದಾಟಿದ ಮುದುಕಿಯನ್ನು ಹೊಸಹಳ್ಳಿಯಿಂದ ಬಸ್ಸಿನಲ್ಲಿ ಕರೆತಂದು ಕಟಕಟೆಯಲ್ಲಿ ನಿಲ್ಲಿಸಿದರು. ಸರ್ಕಾರಿ ವಕೀಲರು ಒಂದೇ ಪ್ರಶ್ನೆ ಕೇಳಿದರು. ಎರ್ರೆಮ್ಮ ಗುರುಸಂಗಪ್ಪನನ್ನು ಮೇಲಿಂದ ಕೆಳಗಿನವರೆಗೆ, ಮಾಲು ನೋಡುವಂತೆ ನೋಡಿದಳು.

“ಇಬ್ರೂ ನನ್ನ ಕೈಯಾಗ ಹುಟ್ಟಿದವರು ಸಾಮಿ. ಇಬ್ರ ಹೆಸರೂ ಗುರುಸಂಗನ. ಒಂದು ಹೋತು, ಒಂದು ಉಳೀತು. ಯಾವುದು ಉಳೀತು ಅಂತ ನಾ ಹೆಂಗ ಹೇಳ್ಲಿ?”

ಕೋರ್ಟು ನಕ್ಕಿತು. ಗುರುಸಂಗಪ್ಪನೂ ನಕ್ಕ, ಮರ್ಯಾದೆಗೆ. ಮುನಸೀಫರು ನಗಲಿಲ್ಲ, ಬರೆದುಕೊಂಡರು. ತೀರ್ಪಿನ ಹನ್ನೊಂದನೆಯ ಪ್ಯಾರಾದಲ್ಲಿ ಅದು ಹೀಗೆ ಬಂತು: ವಾದಿಯು ತಾನು ಬದುಕಿರುವ ಗುರುಸಂಗಪ್ಪನೆಂಬುದನ್ನು ತೋರಿಸಿಕೊಟ್ಟಿದ್ದಾನೆ, ಬದುಕಿರುವವನು ಎರಡನೆಯವನೇ ಎಂಬುದನ್ನು ತೋರಿಸಿಕೊಟ್ಟಿಲ್ಲ.

ನಕಲು ಕೈಗೆ ಬಂದ ದಿನ ಆ ಪ್ಯಾರಾ ಓದಿ ಮಡಚಿ ಚೀಲದಲ್ಲಿಟ್ಟಿದ್ದ. ದಿನವೂ ಕಾಲೇಜಿನಿಂದ ಬಂದು ಚಹಾ ಕುಡಿದು ವಕೀಲರ ಕಡೆಗೆ ಹೋಗಬೇಕೆಂದು ಕುರ್ಚಿಯಲ್ಲಿ ಕೂರುತ್ತಿದ್ದ. ಆ ಕುರ್ಚಿಯಿಂದ ಏಳುವುದಕ್ಕೆ ಏನೂ ಅಡ್ಡಿಯಿರಲಿಲ್ಲ. ದುಃಖವಿರಲಿಲ್ಲ, ಸಿಟ್ಟಿರಲಿಲ್ಲ. ಯಾವನು ಏಳಬೇಕು ಎಂಬುದಷ್ಟೇ ತೀರ್ಮಾನವಾಗುತ್ತಿರಲಿಲ್ಲ. ಇದನ್ನು ಶಿವಯೋಗಪ್ಪನವರಿಗೆ ಹೇಳುವ ಹಾಗಿರಲಿಲ್ಲ. ಹೇಳಿದರೆ ಅವರು ತಾರೀಖಿನ ಮುಂದೆ ಏನು ಬರೆದುಕೊಳ್ಳಬೇಕು?

“ಕಾಮಣಿ,” ಎಂದರು ವಕೀಲರು ಇದ್ದಕ್ಕಿದ್ದ ಹಾಗೆ.

“ಏನ್ರಿ?”

“ಕಣ್ಣು ಹಳದಿ ಆಗೋ ಕಾಮಣಿ ಬ್ಯಾನಿ. ಈ ಸಲ ನೀರು ಕೆಟ್ಟು ಊರ ತುಂಬ ಐತಿ. ಯಾರೂ ಇಲ್ಲ ಅನ್ನಂಗಿಲ್ಲ. ಹದಿನೇಳು ದಿನಕ್ಕ ಅಳತಿ ಕೊಟ್ಟು ಹೊಲಿಸಿದಂಗ ಕುಂದ್ರತೈತಿ. ನಿಮಗ ಕಾಮಣಿ ಆಗಿತ್ತು, ಹಾಸಿಗಿ ಹಿಡದಿದ್ರಿ.”

ಗುರುಸಂಗಪ್ಪ ತನ್ನ ಅಂಗೈ ನೋಡಿಕೊಂಡ. “ನಾನು ಹದಿನೇಳು ದಿನಾನೂ ಕಾಲೇಜಿನಾಗ ಹಾಜರಿ ಹಾಕೇನಿ.”

“ಒಂದಿನಾನೂ ತಪ್ಪಿಸಿಲ್ಲ?”

“ಸೂಟಿ ದಿನಾ, ಇವತ್ತೊಂದು ಬಿಟ್ರ, ಇಲ್ಲ.”

“ಸರ್ಕಾರದವರು ಹಾಜರಿ ಪುಸ್ತಕ ತರಿಸಿದ್ರ ಮುಗೀತು,” ಎಂದು ಶಿವಯೋಗಪ್ಪ ಪೆನ್ನು ಕೆಳಗಿಟ್ಟರು. ಕಕ್ಷಿದಾರನೊಬ್ಬ ಇಷ್ಟು ತಪ್ಪದೆ ಹಾಜರಿದ್ದದ್ದು ಅವರಿಗೆ ಬೇಸರ ತಂದಂತಿತ್ತು. ಆಮೇಲೆ ಮುಖ ಅರಳಿತು. “ಮನಿಯವರಿಗೆ ಹಚ್ಚೋಣ.”

“ಯಾರಿಗೆ?”

“ನಿಮ್ಮ ಮನಿಯವರಿಗ್ರಿ. ಅವರಿಗೆ ಕಾಮಣಿ, ನೀವು ಆರೈಕಿ. ಕಾಲೇಜಿನ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಅವರ ಹತ್ರನ ಇದ್ರಿ. ಅವರಿಗೆ ಯಾವ ಪುಸ್ತಕದಾಗೂ ಹಾಜರಿ ಇಲ್ಲಲ್ಲ. ಹೋಗಿ ಒಂದು ಮಾತು ಕೇಳಿಕೊಂಡು ಬರ್ರಿ. ಚೀಟಿ ಕೊಡೋ ಡಾಕ್ಟ್ರನ್ನ ನಾ ನೋಡ್ತೀನಿ. ಒಂದೂವರಿ ಬಸ್ಸಿಗೆ ಹೊಸಪೇಟಿಗೆ ಹೋಗಿ ಅಲ್ಲಿ ನಮ್ಮ ವಕೀಲ ಗೆಳೆಯರ ಕೈಗೆ ಕೊಟ್ರ ಇವತ್ತ ಹಾಕ್ತಾರ. ಇವತ್ತು ತಪ್ಪಿದ್ರ ನಾಳಿ ಕೋರ್ಟಿಗೆ ರಜಾ, ನಾಡದು ಐತಾರ, ಸೋಮವಾರ ಯುಗಾದಿ. ಹದಿನೇಳು ಇಪ್ಪತ್ತೊಂದಾಗ್ತಾವ. ಅಷ್ಟಕ್ಕ ಕಾಮಣಿ ಸಾಲಂಗಿಲ್ಲ.”

ಬಿಸಿಲು ಆಗಲೇ ಏರಿತ್ತು. ದಾರಿಯುದ್ದಕ್ಕೂ ಗುರುಸಂಗಪ್ಪ ಮಾತು ಹೊಂದಿಸಿಕೊಂಡ. ಹೆಂಡತಿಗೆ ಇಲ್ಲದ ರೋಗವನ್ನು ಹೇಗೆ ಕೇಳುವುದು? ಮೂವತ್ತು ವರ್ಷದ ಸಂಸಾರದಲ್ಲಿ ಅವಳಿಂದ ಅವನು ಕೇಳಿದ್ದು ಬಹಳವಿಲ್ಲ. ಊಟಕ್ಕಾಯಿತೇ, ಅಂಗಿ ಒಣಗಿತೇ, ಇಷ್ಟೇ. ಮಗಳು ಹರಪನಹಳ್ಳಿಗೆ ಮದುವೆಯಾಗಿ ಹೋದ ಮೇಲೆ ಇವೂ ಸನ್ನೆಗಿಳಿದಿದ್ದವು.

ಬಸಲಿಂಗಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದವನನ್ನು ನೋಡಿ ಕಾಲು ಮಡಚಿಕೊಂಡಳು.

“ಕಾಲೇಜಿಲ್ಲೇನ್ರಿ?”

“ರಜಾ ಹಾಕೀನಿ. ವಕೀಲರ ಹತ್ರ ಹೋಗಿದ್ದೆ.” ಅವನು ಕುರ್ಚಿಯಲ್ಲಿ ಕುಳಿತ. “ಒಂದು ಕೆಲಸ ಆಗಬೇಕಿತ್ತು. ಅಪೀಲು ತಡಾ ಆಗೈತಿ. ಅದಕ್ಕ ಕಾರಣ ತೋರಿಸಬೇಕಂತ. ನಿನಗ ಕಾಮಣಿ ಆಗಿತ್ತು, ಅದಕ್ಕ ಬರಾಕ ಆಗಲಿಲ್ಲ ಅಂತ ಬರಿಯೋಣ ಅಂತಾರ.”

ಬಸಲಿಂಗಮ್ಮ ಒಂದು ಕಲ್ಲು ಹೆಕ್ಕಿ ಬಿಸಾಡಿದಳು.

“ಸುಳ್ಳ ಅನ್ನೋದು ನನಗೂ ಗೊತ್ತೈತಿ,” ಎಂದು ಅವನು ಬೇಗ ಸೇರಿಸಿದ. “ಕೋರ್ಟಿನಾಗ ಇವೆಲ್ಲ ಇರ್ತಾವ. ನೀನು ಎಲ್ಲೂ ಬರೋದು ಬ್ಯಾಡ. ಬರೀ ಹೆಸರು.”

“ಆಗಿತ್ತಲ್ರಿ,” ಎಂದಳು ಬಸಲಿಂಗಮ್ಮ.

“ಏನು?”

“ಕಾಮಣಿ.”

ಅವಳು ಹಾಸ್ಯ ಮಾಡುತ್ತಿರಬಹುದೆಂದು ಅವನು ತಿಳಿದ. ಅವಳು ಹಾಸ್ಯ ಮಾಡುವವಳೇ, ಎಂಥ ಹಾಸ್ಯ ಮಾಡುತ್ತಾಳೆ ಎಂಬುದು ಅವನಿಗೆ ನೆನಪಾಗಲಿಲ್ಲ.

“ಯಾವಾಗ?”

“ಹುಣ್ಣಿಮಿಗಿಂತ ಮೊದಲ ಹತ್ತಿದ್ದು. ಈಗೊಂದು ನಾಕ್ ದಿನಾ ಆತು, ಬಾಯಿಗೆ ರುಚಿ ಹತ್ತಾಕ ಹತ್ತೈತಿ.” ಅವಳು ಮೊರ ಬದಿಗಿಟ್ಟು ಎದ್ದು, ಗೋಡೆಯ ದೇವರ ಪಟದ ಹಿಂದೆ ಕೈಯಾಡಿಸಿ ಎರಡು ಚೀಟಿ ತೆಗೆದು ಕೊಟ್ಟಳು. ಡಾಕ್ಟರ ಚೀಟಿ. ಬಸಲಿಂಗಮ್ಮ, ಕಾಮಾಲೆ, ಎಣ್ಣೆ ಖಾರ ಬೇಡ, ಪೂರ್ಣ ವಿಶ್ರಾಂತಿ. ಮೊದಲನೆಯದರ ತಾರೀಖು ೨೭-೨-೮೦. ಅವನ ಹಕ್ಕು ಮುಗಿದ ಮಾರನೆಯ ದಿನ.

“ನನಗ ಹೇಳಲಿಲ್ಲ ನೀನು.”

“ಹೇಳಿದ್ದೆ. ಪೇಪರ್ ಓದ್ತಿದ್ರಿ. ‘ಊರ ಮಂದಿಗೆಲ್ಲ ಬಂದೈತಂತ’ ಅಂದ್ರಿ.”

ಅಂದಿರಬಹುದು. ತರ್ಕದ ಪಾಠದ ಸಾಮಾನ್ಯ ವಿಧಾನವಾಕ್ಯ ಎಂದು ಅವನಿಗೆ ಅನ್ನಿಸಿತು. ಊರಿನವರಿಗೆಲ್ಲ ಕಾಮಾಲೆ, ಬಸಲಿಂಗಮ್ಮ ಊರಿನವಳು, ಆದ್ದರಿಂದ. ಮೊದಲ ವಾಕ್ಯಕ್ಕೇ ಅವನು ನಿಂತುಬಿಟ್ಟಿದ್ದ. ಮುಂದಿನ ಎರಡು ಹೆಜ್ಜೆಗಳನ್ನು ಪಿ.ಯು.ಸಿ. ಹುಡುಗಿಯರೂ ಕಣ್ಣು ಮುಚ್ಚಿ ಇಡುತ್ತಾರೆ.

“ಔಷಧ?”

“ಬೊಮ್ಮನಹಳ್ಳಿಯಾಗ ಬೇರು ತೇದು ಕೊಡ್ತಾರಂತ ಎರಡು ಐತಾರ ಹೋಗಿ ಬಂದ್ವಿ, ನಾನೂ ಅಜೀಜಬೀನೂ. ನಿಮಗ ಹೇಳೇ ಹೋಗಿದ್ದೆ. ‘ಹೂಂ’ ಅಂದ್ರಿ.”

ಅಜೀಜಬಿ ಪಕ್ಕದ ಮನೆಯವಳು. ಈಗ ಒಂದೊಂದೇ ಸೇರತೊಡಗಿತು. ಆ ದಿನಗಳಲ್ಲಿ ಸಂಜೆ ಅವಳ ಮಾತು ಅಡುಗೆಮನೆಯಿಂದ ಬಹಳ ಕೇಳುತ್ತಿತ್ತು. ಗದ್ದಲವೆಂದು ಅವನು ನಡುಮನೆಯ ಕದ ಮುಂದೆ ಮಾಡಿಕೊಂಡಿದ್ದ. ಸಾರಿನಲ್ಲಿ ಒಗ್ಗರಣೆ ಇರುತ್ತಿರಲಿಲ್ಲ. ಇವಳಿಗೆ ಕೈ ತಪ್ಪುತ್ತಿದೆ ಎಂದುಕೊಂಡು ದೊಡ್ಡ ಮನಸ್ಸು ಮಾಡಿ ಉಂಡಿದ್ದ. ಒಂದು ದಿನ ಚಹಾದಲ್ಲಿ ಏಲಕ್ಕಿ ಇತ್ತು. ಬಸಲಿಂಗಮ್ಮ ಏಲಕ್ಕಿ ಹಾಕುವವಳಲ್ಲ. ಅವನು ಅದನ್ನು ಗಮನಿಸಿದ್ದ ಕೂಡ. ಚೆನ್ನಾಗಿದೆ ಎಂದುಕೊಂಡಿದ್ದ.

“ಚಾ ಯಾರು ಮಾಡ್ತಿದ್ರು?”

“ಎದ್ದರ ನಾನು ಮಾಡ್ತಿದ್ದೆ. ಏಳಾಕ ಆಗಲಿಲ್ಲಂದ್ರ ಅಕಿ ತಂದಿಡತಿದ್ಲು.”

ಅವನು ಅವಳ ಮುಖ ನೋಡಿದ. ನೋಡುವುದನ್ನು ಅವಳು ಗಮನಿಸಿ, ಡಾಕ್ಟರ ಮುಂದೆ ಮಾಡುವಂತೆ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದು ತೋರಿಸಿದಳು. “ಈಗ ಇಳದೈತೇನು?” ಎಂದಳು.

ಹಳದಿ ಇಳಿದಿದೆಯೋ ಇಲ್ಲವೋ ಹೇಳಬೇಕಾದರೆ ಆ ಕಣ್ಣುಗಳು ಮೊದಲು ಹೇಗಿದ್ದವೆಂದು ಗೊತ್ತಿರಬೇಕಿತ್ತು.

“ಇಳದೈತಿ,” ಎಂದ.

“ಆತು ಬಿಡ್ರಿ. ನನ್ನ ಜಡ್ಡು ನಿಮ್ಮ ಉಪಯೋಗಕ್ಕರ ಬಂತಲ್ಲ.” ಮತ್ತೆ ಮೊರ ಹತ್ತಿರ ಎಳೆದುಕೊಂಡಳು. ಅವಳ ಮಾತಿನಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು. “ಎರಡು ವರ್ಷ ಹೆಚ್ಚಿಗಿ ಸಿಕ್ರ ಏನ್ ಮಾಡ್ತೀರಿ?”

“ಪಾಠ ಮಾಡ್ತೀನಿ.”

“ಹೂಂ,” ಎಂದಳು ಬಸಲಿಂಗಮ್ಮ. ಅದು ಅವನದೇ ‘ಹೂಂ’ ಎಂದು ಬಾಗಿಲು ದಾಟಿದ ಮೇಲೆ ಹೊಳೆಯಿತು.

ಚೀಟಿಗಳನ್ನು ಕಂಡ ಶಿವಯೋಗಪ್ಪನವರ ಸಂತೋಷ ಹೇಳತೀರದು. ಬೆಳಕಿಗೆ ಹಿಡಿದು ನೋಡಿದರು, ತಾರೀಖನ್ನು ಜೋರಾಗಿ ಓದಿದರು, ಹಾಳೆಯ ಅಡ್ಡಗೆರೆಗಳನ್ನೆಲ್ಲ ಒಂದೇ ಗೀಟಿನಲ್ಲಿ ಹೊಡೆದು ಹಾಕಿದರು. “ದಿನಾ ತುಂಬಿದ ಮರುದಿನಾನ ಹತ್ತೈತಲ್ರಿ. ನಾ ಬರದಿದ್ರೂ ಇಷ್ಟು ಕರೆಕ್ಟಾಗಿ ಬರೀತಿರಲಿಲ್ಲ. ಇಂಥಾ ಹೆಂಡ್ತಿನ್ನ ಮನಿಯಾಗ ಇಟಗೊಂಡು ಬೆಳಗ್ಗಿಂದ ಚಾ ಚಾ ಅಂತ ಹೇಳ್ತಿದ್ರಲ್ಲ ಮೇಷ್ಟ್ರೇ.”

“ನೆನಪಿರಲಿಲ್ಲ,” ಎಂದ ಗುರುಸಂಗಪ್ಪ.

“ಆರೈಕಿ ಮಾಡಿ ದಣದಿರ್ತೀರಿ. ಆಗತೈತಿ.”

ಅವನು ತಿದ್ದಲು ಬಾಯಿ ತೆರೆದ. ವಕೀಲರು ಆಗಲೇ ಬರೆಯಲು ತೊಡಗಿದ್ದರು. ಬರೆದದ್ದನ್ನು ಅವನ ಕೈಗಿತ್ತು, ಬೆರಳಚ್ಚು ಮಾಡಿಸಿ ಪ್ರಮಾಣ ಮಾಡಿಸಿಕೊಂಡು ಬಸ್ಸು ಹಿಡಿಯಿರಿ ಎಂದರು. ಪ್ರಮಾಣ ಮಾಡುವವನು ಇವನೇ ಎಂಬ ಗುರುತಿನ ಸಹಿಯನ್ನು ಮೂರು ಖಾಲಿ ಹಾಳೆಗಳ ಕೆಳಗೆ ಮೊದಲೇ ಹಾಕಿ ಕೊಟ್ಟರು.

ಕೋರ್ಟಿನ ಮುಂದೆ ಬೇವಿನ ನೆರಳಿನಲ್ಲಿ ಒಬ್ಬರೇ ಬೆರಳಚ್ಚಿನವರು. ಉಸ್ಮಾನ್ ಸಾಬ್. ಅಜೀಜಬಿಯ ಗಂಡ.

ಇದು ಗುರುಸಂಗಪ್ಪನಿಗೆ ಮೊದಲೇ ಗೊತ್ತಿತ್ತು. ಆದರೂ ಯಂತ್ರದ ಮುಂದೆ ಬಂದು ನಿಂತ ಮೇಲೆಯೇ ಗೊತ್ತಾದಂತಾಯಿತು. ಉಸ್ಮಾನ್ ಸಾಬ್ ಸ್ಟೂಲು ಒರೆಸಿ ಕೊಟ್ಟರು. ಮೂರು ಹಾಳೆಗಳ ನಡುವೆ ಎರಡು ಕಾರ್ಬನ್ ಇಟ್ಟು ತಟ್ಟಿ ಸರಿಮಾಡಿ, ಹಲಗೆಗೆ ಸಿಕ್ಕಿಸಿದ ವಕೀಲರ ಬರಹವನ್ನು ಒಮ್ಮೆಯೂ ಮುಂದಾಗಿ ಓದದೆ, ಪದ ಪದವಾಗಿ ಬಡಿಯುತ್ತ ಹೋದರು. ಬಡಿದದ್ದನ್ನೆಲ್ಲ ತುಟಿಯಲ್ಲಿ ಹೇಳಿಕೊಳ್ಳುವುದು ಅವರ ರೂಢಿ.

“...ಸದರಿ ಹದಿನೇಳು ದಿನಗಳೂ ನನ್ನ ಧರ್ಮಪತ್ನಿಯು ಕಾಮಾಲೆ ರೋಗದಿಂದ ಹಾಸಿಗೆ ಹಿಡಿದಿದ್ದು... ಮನೆಯಲ್ಲಿ ನನ್ನ ಹೊರತು... ಬೇರೆ ಯಾರೂ ಇಲ್ಲದ್ದರಿಂದ...”

ಯಂತ್ರ ನಿಂತಿತು.

ಗುರುಸಂಗಪ್ಪ ಬೇವಿನ ಮರದ ತುದಿ ನೋಡಿದ. ಚಿಗುರು ಚೆನ್ನಾಗಿ ಬಂದಿತ್ತು. ಉಸ್ಮಾನ್ ಸಾಬ್ ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿ ಹಾಕಿಕೊಂಡರು. ಮತ್ತೆ ಬಡಿದರು.

“...ಕಾಲೇಜಿನ ವೇಳೆ ಹೊರತುಪಡಿಸಿ ಹಗಲಿರುಳು ನಾನೇ ಖುದ್ದಾಗಿ ಅವಳ... ಸರ್, ಇದೊಂದು ಹೇಳ್ರಿ. ಶುಶ್ರೂಷೆಗೆ ಕೊನೀದು ಯಾವ ಶ?”

“ಹೊಟ್ಟೆ ಸೀಳಿದ ಷ.”

“ಹೊಟ್ಟೆ ಸೀಳಿದ್ದು,” ಎಂದುಕೊಂಡು ಬಡಿದರು. “ಯಾವಾಗಲೂ ತಪ್ಪತೈತ್ರಿ ನನಗ ಈ ಅಕ್ಷರ.”

“ಅಜೀಜಬಿಯವರು,” ಎಂದ ಗುರುಸಂಗಪ್ಪ. “ಎಷ್ಟು ದಿನ ಬರ್ತಿದ್ರು ನಮ್ಮ ಮನಿಗೆ?”

“ಹೆಣ್ಮಕ್ಕಳ ಓಡಾಟ ನಮಗೇನ್ ಗೊತ್ತಾಗ್ತೈತಿ ಸರ್. ಒಂದು ಹದಿನೈದು ದಿನಾ ನನ್ನ ಊಟ ತಡಾ ಆತು. ಅಷ್ಟ ಗೊತ್ತು.”

“ಈ ಸಾಲು ತೆಗಿಯೋಣೇನು? ಬೇರೆ ಯಾರೂ ಇಲ್ಲ ಅನ್ನೋದು.”

ಉಸ್ಮಾನ್ ಸಾಬ್ ಯಂತ್ರದೊಳಗೆ ಬಗ್ಗಿ ಆ ಸಾಲನ್ನು ನೋಡಿದರು. ಕೆಲಸದವನ ನೋಟ; ಅದರಲ್ಲಿ ಬೇರೇನಾದರೂ ಇದೆಯೇ ಎಂದು ಗುರುಸಂಗಪ್ಪ ಹುಡುಕಿದ, ಸಿಗಲಿಲ್ಲ.

“ತಗದ್ರ ಮುಂದಿಂದು ನಿಲ್ಲಂಗಿಲ್ಲ ಸರ್. ಬೇರೆ ಯಾರರ ಇದ್ರು ಅಂದ್ರ, ನೀವ್ಯಾಕ ಕೋರ್ಟಿಗೆ ಬರಲಿಲ್ಲ ಅಂತ ಕೇಳ್ತಾರ. ಆಮ್ಯಾಲ ಏನಂತೀರಿ?”

ಇಪ್ಪತ್ತಾರು ವರ್ಷ ತರ್ಕ ಹೇಳಿದವನು ತಲೆಯಾಡಿಸಿದ. ಒಪ್ಪದೆ ವಿಧಿಯಿರಲಿಲ್ಲ. ಒಂದು ಸಾಲು ನಿಜ ಮಾಡಿದರೆ ಇಡೀ ಪತ್ರ ಕುಸಿಯುತ್ತಿತ್ತು.

“ಹಂಗ ಇರಲಿ.”

“ಇರಲಿ,” ಎಂದು ಉಸ್ಮಾನ್ ಸಾಬ್ ಪೂರ್ಣವಿರಾಮ ಬಡಿದರು. ಮೂರು ಹಾಳೆಗೂ ಒಟ್ಟಿಗೆ ಬಿತ್ತು. “ಅಕ್ಕಾವರು ಈಗ ಆರಾಮ ಅದಾರಲ್ರಿ?”

“ಹೂಂ... ಅಲ್ಲ, ಹೌದು. ಇಳದೈತಂತ,” ಎಂದ ಗುರುಸಂಗಪ್ಪ.

ಪ್ರಮಾಣ ಮಾಡಿಸುವ ಶಿರಸ್ತೇದಾರ ದೊಡ್ಡಬೀರಪ್ಪನವರು ಒಳಗಿನ ಕೋಣೆಯಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಒಂದು ಕೈ ರೊಟ್ಟಿಯ ಮೇಲಿಟ್ಟುಕೊಂಡೇ ಇನ್ನೊಂದರಿಂದ ಹಾಳೆ ತಿರುವಿದರು. “ಇಲ್ಲಿ. ಇಲ್ಲಿ. ಇಲ್ಲಿ.” ಗುರುಸಂಗಪ್ಪ ಮೂರು ಕಡೆ ಸಹಿ ಮಾಡಿದ. ದುಂಡು ಮೊಹರು ಮೂರು ಸಲ ಬಿತ್ತು. ‘ನನ್ನ ಮುಂದೆ ಸತ್ಯಪ್ರಮಾಣ ಮಾಡಿ ಹೇಳಿದ್ದು’ ಎಂದು ಅದರಡಿ ಅಚ್ಚಾಗಿತ್ತು.

“ಆತು. ಹೋಗಿ ಬರ್ರಿ.”

ಅವನು ಹೋಗಲಿಲ್ಲ. “ನೀವು ಕೇಳಬೇಕಲ್ರಿ?”

“ಏನು?”

“ಇದರಾಗ ಬರದದ್ದು ಖರೇ ಐತೇನು ಅಂತ.”

ದೊಡ್ಡಬೀರಪ್ಪನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮೊದಲ ಸಲ ತಲೆಯೆತ್ತಿದರು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಯಾರೂ ಅವರಿಂದ ಇದನ್ನು ಕೇಳಿರಲಿಲ್ಲ. “ಯಾಕ್ರಿ, ಖರೇ ಇಲ್ಲೇನು?”

ಗುರುಸಂಗಪ್ಪ ಪ್ರಾಮಾಣಿಕವಾಗಿ ಯೋಚಿಸಿದ. ರೋಗ ನಿಜ. ಚೀಟಿ ನಿಜ. ಹದಿನೇಳು ದಿನ ನಿಜ. ಹಾಸಿಗೆ, ಗಂಜಿ, ಬೇರು ತೇದ ಔಷಧ, ಹಗಲಿರುಳು ಯಾರೋ ನೋಡಿಕೊಂಡದ್ದು, ಎಲ್ಲ ನಿಜ. ವಕೀಲರು ಕಲ್ಪಿಸಿದ್ದೆಲ್ಲ ಅಕ್ಷರಶಃ ಆಗಿಹೋಗಿತ್ತು. ಕಲ್ಪನೆಯಾಗಿ ಉಳಿದದ್ದು ‘ನಾನೇ ಖುದ್ದಾಗಿ’ ಎಂಬುದೊಂದೇ.

“ಎಲ್ಲಾ ಖರೇ ಐತ್ರಿ,” ಎಂದ. “ನಾನೊಬ್ಬ...”

“ನೀವು ಯಾರು ಅನ್ನೋದನ್ನ ವಕೀಲ್ರು ಬರದು ಸಹಿ ಹಾಕ್ಯಾರಲ್ರಿ. ಗುರುಸಂಗಪ್ಪ ಅಂತ. ನನಗಷ್ಟು ಸಾಕು.” ಅವರು ಪುಂಡಿಪಲ್ಯದ ಡಬ್ಬಿಯ ಮುಚ್ಚಳ ತೆಗೆದರು.

ಬಸ್‌ಸ್ಟ್ಯಾಂಡಿನಲ್ಲಿ ಹಬ್ಬಕ್ಕೆ ಊರಿಗೆ ಹೋಗುವ ಜನ ಕಿಕ್ಕಿರಿದಿದ್ದರು. ಕೊಟ್ಟೂರಿನ ಕಡೆಯಿಂದ ಬಂದ ಹೊಸಪೇಟೆ ಬಸ್ಸು ನಿಲ್ಲುವ ಮೊದಲೇ ಜನ ಅದರ ಎರಡೂ ಮಗ್ಗುಲಿಗೆ ಅಂಟಿಕೊಂಡರು. ಇಳಿಯುವವರು ಇಳಿದರು. ಡ್ರೈವರ್ ಚಹಾ ಕುಡಿಯಲು ಹೋದ. ಕಂಡಕ್ಟರ್ ಬಾಗಿಲಿಗೆ ಅಡ್ಡ ನಿಂತು, ಹತ್ತು ನಿಮಿಷ ಐತಿ, ಏನವಸರ, ಎಂದು ಜನರನ್ನು ತಡೆಯುತ್ತಿದ್ದವನು ಗುರುಸಂಗಪ್ಪನನ್ನು ಕಂಡು ಬದಿಗೆ ಸರಿದ. ಅವನ ಮಗಳು ಇವನ ವಿದ್ಯಾರ್ಥಿನಿ.

“ನೀವು ಹತ್ರಿ ಸರ್. ಆರಾಮಾಗಿ ಕುಂದ್ರಿ.”

ಒಳಗೆ ಒಬ್ಬರೂ ಇರಲಿಲ್ಲ. ಕಾದ ತಗಡಿನ ವಾಸನೆ. ಗುರುಸಂಗಪ್ಪ ಕಡತವನ್ನು ಎದೆಗೆ ಒತ್ತಿಕೊಂಡು ನಡುವಿನ ಓಣಿಯಲ್ಲಿ ಮುಂದಕ್ಕೆ ನಡೆದ. ಮೊದಲ ಸೀಟಿನ ಮೇಲೆ ಒಂದು ಟವೆಲ್ಲು ಹಾಸಿತ್ತು. ಎರಡನೆಯದರ ಮೇಲೆ ಒಂದು ಕೈಚೀಲ. ಮೂರನೆಯದರಲ್ಲಿ ಕಿಟಕಿಗೊಂದು ಕರವಸ್ತ್ರ, ಪಕ್ಕಕ್ಕೊಂದು ಮಡಚಿದ ಪೇಪರು. ಆಮೇಲೆ ರುಮಾಲು, ಕುಪ್ಪಸದ ಗಂಟು, ಒಂಟಿ ಚಪ್ಪಲಿ. ಎಲ್ಲ ಕಿಟಕಿಯಿಂದ ತೂರಿ ಬಂದವು. ಕಡೆಯ ಉದ್ದ ಸೀಟಿನವರೆಗೂ ಹೋಗಿ ನೋಡಿದ. ಅಲ್ಲಿ ಯಾರೋ ಒಂದೇ ಪಂಚೆಯನ್ನು ಆರು ಜನಕ್ಕೆ ಬಿಚ್ಚಿ ಹಾಸಿದ್ದರು. ಖಾಲಿ ಬಸ್ಸು ಭರ್ತಿಯಾಗಿತ್ತು.

ಹಿಂದಕ್ಕೆ ಬಂದು ನಡುವೆ ಎಲ್ಲೋ ನಿಂತ. ಹತ್ತಿರದ ಸೀಟಿನ ಮೇಲಿನ ಕೆಂಪಂಚಿನ ಟವೆಲ್ಲನ್ನು ಎರಡು ಬೆರಳಿನಿಂದ ಎತ್ತಿದ.

“ಅಲ್ಲಿ ಜನ ಅದಾರ್ರೀ,” ಎಂದಿತು ಕಿಟಕಿಯ ಕೆಳಗಿನಿಂದ ಒಂದು ಹೆಂಗಸಿನ ದನಿ.

ಗುರುಸಂಗಪ್ಪ ಸೀಟನ್ನು ನೋಡಿದ. ಹರಿದ ರೆಕ್ಸಿನ್ನಿನ ಮೇಲೆ ಬಿಸಿಲು ಬಿದ್ದಿತ್ತು.

“ತಪ್ಪಾತ್ರಿ,” ಎಂದು ಟವೆಲ್ಲನ್ನು ಮೊದಲಿದ್ದ ಹಾಗೆಯೇ, ಅಂಚು ಸುಕ್ಕಾಗದಂತೆ ಹಾಸಿ, ಮೇಲಿನ ಸರಳು ಹಿಡಿದು ನಿಂತುಕೊಂಡ.